ಭಾವನ ಬೈಕಿನ ಕೆಂಪು ದೀಪ

ಆ ಬೀದಿಯವರಿಗೆಲ್ಲ ಅವನು 'ಪಂಡಿತ'. ಬೈಕಿನ ಸದ್ದು ಕೇಳಿಯೇ ಕೆಟ್ಟದ್ದೇನೆಂದು ಹೇಳಿಬಿಡುತ್ತಿದ್ದ ಮೆಕ್ಯಾನಿಕ್ಕಿಗೆ ಗಿರಾಕಿಗಳು ತಮಾಷೆಗೆ ಇಟ್ಟ ಬಿರುದು ಅದು. ಬರಬರುತ್ತ ತಮಾಷೆ ಸವೆದು ಬಿರುದಷ್ಟೇ ಉಳಿಯಿತು. ಅವನೂ ಅದನ್ನು ನಿಜವೆಂದೇ ನಂಬಿದ. ಗಿರಾಕಿ ಅರ್ಧ ಮಾತಾಡುವಷ್ಟರಲ್ಲಿ ಇವನ ಕೈಯಲ್ಲಿ ಸ್ಪ್ಯಾನರ್ ಇರುತ್ತಿತ್ತು. ಪೂರ್ತಿ ಕೇಳುವ ವ್ಯವಧಾನ ಅವನಿಗೆ ಎಂದೂ ಇರಲಿಲ್ಲ.

ತಾಯಿ ತೀರಿದ ಮೇಲೆ ಅವನನ್ನು ಸಾಕಿದವಳು ಅಕ್ಕ. ಓದು ತಲೆಗೆ ಹತ್ತದೆ ಬೀದಿ ಅಲೆಯುತ್ತಿದ್ದವನನ್ನು ಗ್ಯಾರೇಜಿಗೆ ಸೇರಿಸಿದವನು ಭಾವ. ಭಾವ ದರ್ಜಿ, ಮೆಲುಮಾತಿನವನು. ಅವನ ಬಲಮಂಡಿ ಹಳೆಯ ಪೆಟ್ಟಿನಿಂದ ಸೆಟೆದಿತ್ತು. ಹಾಗಾಗಿ ಬೈಕಿನ ಕಾಲುಬ್ರೇಕನ್ನು ಮುಟ್ಟದೆ, ಹ್ಯಾಂಡಲಿನ ಬ್ರೇಕನ್ನಷ್ಟೇ ಹಿಡಿದು ನಿಧಾನವಾಗಿ ಓಡಿಸುತ್ತಿದ್ದ.

ಒಂದು ದಿನ ಭಾವ ಗ್ಯಾರೇಜಿಗೆ ಬಂದ. "ಬ್ರೇಕ್ ಹಿಡಿದ್ರೆ ಹಿಂದೆ ಬರೋರು ಮೈಮೇಲೇ ಬರ್ತಾರೆ ಕಣೋ. ಬಾಯಿಗೆ ಬಂದ ಹಾಗೆ ಬಯ್ತಾರೆ. ಲೈಟ್ ಸ್ವಲ್ಪ ನೋಡು."

ಪಂಡಿತ ಕೀ ತಿರುಗಿಸಿ, ಎಂದಿನ ಅಭ್ಯಾಸದಂತೆ ಕಾಲಿನಿಂದ ಪೆಡಲನ್ನು ತುಳಿದ. ಹಿಂದೆ ಕೆಂಪು ದೀಪ ಝಗ್ಗನೆ ಹತ್ತಿತು.

"ಹತ್ತುತ್ತಲ್ಲ ಭಾವ! ನೀವು ಮೆರವಣಿಗೆ ಹೊರಟ ಹಾಗೆ ಹೋದ್ರೆ ಜನ ಬಯ್ಯದೆ ಮುದ್ದು ಮಾಡ್ತಾರಾ?"

ಸುತ್ತ ನಿಂತಿದ್ದವರು ಗೊಳ್ಳೆಂದು ನಕ್ಕರು.

"ಅಲ್ಲಪ್ಪ, ನಾನು ಹೇಳೋದು..."

"ಹೋಗಿ ಭಾವ, ಧೈರ್ಯವಾಗಿ ಓಡಿಸಿ," ಎಂದು ಪಂಡಿತ ಕೀಯನ್ನು ಅವನ ಅಂಗೈಗೆ ತುರುಕಿದ.

ಆ ವಾರವೇ, ಅಡ್ಡ ಬಂದ ನಾಯಿಯನ್ನು ಉಳಿಸಲು ಭಾವ ಬ್ರೇಕ್ ಹಿಡಿದಾಗ, ಹಿಂದಿದ್ದ ಸಾಮಾನಿನ ವ್ಯಾನು ಬಂದು ಗುದ್ದಿತು. ಭಾವನ ಬಲಗೈ ಮಣಿಕಟ್ಟು ನುಚ್ಚಾಯಿತು. ಆಸ್ಪತ್ರೆಯಲ್ಲಿ ವ್ಯಾನಿನವನು, "ಆಣೆಯಾಗ್ಲೂ ಲೈಟ್ ಹತ್ಲಿಲ್ಲ ಸಾರ್," ಎಂದು ಗೋಗರೆಯುತ್ತಿದ್ದರೆ, ಪಂಡಿತ ಅವನ ಕೊರಳಪಟ್ಟಿ ಹಿಡಿದ. "ನಾನು ನೋಡಿದ ಗಾಡಿ ಕಣೋ ಅದು! ಕಣ್ಣು ಎಲ್ಲಿಟ್ಟಿದ್ದೆ?" ಎಲ್ಲರೂ ಪಂಡಿತನನ್ನೇ ನಂಬಿದರು. ವ್ಯಾನಿನವನ ಕೆಲಸ ಹೋಯಿತು.

ಬೈಕು ರಿಪೇರಿಗೆ ಪಂಡಿತನಲ್ಲಿಗೇ ಬಂತು. ಒಡೆದ ಹಿಂದಿನ ದೀಪವನ್ನು ಬದಲಿಸಿ ಪೆಡಲ್ ತುಳಿದ, ಹತ್ತಿತು. ಸೊಟ್ಟಗಾದ ಹ್ಯಾಂಡಲನ್ನು ನೆಟ್ಟಗೆ ಮಾಡುವಾಗ ಕೈ ತಾನಾಗಿ ಬ್ರೇಕನ್ನು ಅದುಮಿತು. ದೀಪ ಹತ್ತಲಿಲ್ಲ. ಮತ್ತೆ ಅದುಮಿದ. ಇಲ್ಲ.

ಅಪಘಾತದಲ್ಲಿ ವೈರು ತುಂಡಾಗಿರಬೇಕೆಂದುಕೊಂಡು, ಬ್ರೇಕ್ ಹಿಡಿಯ ಕೆಳಗಿನ, ಪೆಡಲಿನದಕ್ಕಿಂತ ಬೇರೆಯೇ ಆದ ಸ್ವಿಚ್ಚಿನ ಎರಡು ವೈರುಗಳನ್ನು ಕಿತ್ತು, ತಂತಿಯ ತುಣುಕಿನಿಂದ ಜೋಡಿಸಿದ. ದೀಪ ಹತ್ತಿತು. ವೈರು ಸರಿ, ಬಲ್ಬು ಸರಿ, ಉಳಿದದ್ದು ಸ್ವಿಚ್ಚು. ಬಿಚ್ಚಿ ನೋಡಿದರೆ, ಬ್ರೇಕ್ ಹಿಡಿದಾಗ ಹೊರಕ್ಕೆ ಚಿಮ್ಮಬೇಕಾದ ಮೊಳೆ ಒಳಗೇ ಕಚ್ಚಿಕೊಂಡಿತ್ತು. ಸುತ್ತ ಹಸಿರು ಕಿಲುಬು, ಗಟ್ಟಿಯಾದ ಧೂಳು. ಅದು ನಿನ್ನೆ ಮೊನ್ನೆಯ ಕೊಳೆಯಲ್ಲ.

ಭಾವನ ಬ್ರೇಕನ್ನು ಅವನು ತನ್ನ ಕಾಲಿನಿಂದ ಪರೀಕ್ಷಿಸಿದ್ದ. ಆ ಮಂಡಿಯ ಸಂಗತಿ ಅವನಿಗೆ ಗೊತ್ತಿಲ್ಲದ್ದೇ?

ಹೊಸ ಸ್ವಿಚ್ಚು ಹಾಕಿ ಬಾಯಿ ಮುಚ್ಚಿಕೊಂಡಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಅಕ್ಕನ ಮನೆಯ ಬಾಗಿಲು ಮುಚ್ಚಬಹುದು. ಅವನಿಗೆ ಬೇರೆ ಮನೆಯೆಂಬುದಿರಲಿಲ್ಲ. ಸ್ವಿಚ್ಚು ಹಾಕಿ, ಬೈಕನ್ನು ತಳ್ಳಿಕೊಂಡೇ ಅಲ್ಲಿಗೆ ಹೋದ.

ಭಾವ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕುಳಿತಿದ್ದ. ಕತ್ತರಿ ಹಿಡಿಯಲು ಬೆರಳುಗಳು ಮಡಚುತ್ತಿರಲಿಲ್ಲ. ಅಕ್ಕ ಗಿರಾಕಿಗಳ ಬಟ್ಟೆಗಳನ್ನು ವಾಪಸು ಕೊಡಲು ಗಂಟು ಕಟ್ಟುತ್ತಿದ್ದಳು. ಪಂಡಿತ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ.

"ಅವತ್ತು ಇವರು ಏನೋ ಹೇಳೋಕೆ ಬಂದ್ರು. ಕೇಳಿಸ್ಕೊಂಡ್ಯಾ?" ಎಂದಳು ಅಕ್ಕ.

"ಇಲ್ಲ ಅಕ್ಕ."

"ನಾಲ್ಕು ಜನರ ಮುಂದೆ ನಗಾಡಿದೆ."

"ಹೂಂ."

"ಬಿಡೇ, ಆಗಿದ್ದು ಆಯ್ತು," ಎಂದ ಭಾವ.

"ನೀವು ಸುಮ್ನಿರಿ. ಸುಮ್ನಿದ್ದೂ ಇದ್ದೂ ಇಲ್ಲಿಗೆ ಬಂತು." ಅವಳು ತಮ್ಮನತ್ತ ತಿರುಗಿದಳು. "ಆ ವ್ಯಾನಿನವನಿಗೆ, ಅವನ ಧಣಿಗೆ ಹೇಳಿದ್ಯಾ?"

"ಹೋಗ್ತೀನಿ. ಹೊಸ ಸ್ವಿಚ್ ಹಾಕಿದೀನಿ ಅಕ್ಕ, ಗಾಡಿ ಈಗ ಸರಿಯಾಗಿದೆ."

"ಸರಿಯಾಗಿದೆ ಅಂತ ಹೇಳಿದ್ದು ಯಾರು?"

ಕೀ ಕೊಡಲು ಚಾಚಿದ್ದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಂಡ.

"ಗಾಡಿ ಮಾರ್ತೀವಿ. ಕೊಳ್ಳೋನಿಗೂ ಹೆಂಡ್ತಿ ಮಕ್ಕಳು ಇರ್ತಾರೆ. ಬೇರೆ ಮೆಕ್ಯಾನಿಕ್ ಹತ್ರ ತೋರಿಸ್ಕೊಂಡು ಬಾ. ಅವರು ಹೇಳಿದ್ರೆ ನಂಬ್ತೀನಿ."

ಅವನು ಮೊದಲು ವ್ಯಾನಿನ ಧಣಿಯ ಬಳಿಗೆ ಹೋಗಿ ತಪ್ಪು ತನ್ನದೆಂದು ಹೇಳಿದ. ಆದರೆ ಕೆಲಸ ಕಳೆದುಕೊಂಡವನ ಜಾಗಕ್ಕೆ ಆಗಲೇ ಬೇರೊಬ್ಬ ಬಂದಿದ್ದ. ಅಲ್ಲಿಂದ ಬೈಕನ್ನು ಮುಂದಿನ ಬೀದಿಯ ಗ್ಯಾರೇಜಿಗೆ ತಳ್ಳಿಕೊಂಡು ಹೋದ.

"ಏನ್ ಪಂಡಿತ್ರೇ, ದಾರಿ ತಪ್ಪಿ ಬಂದ್ರಾ?" ಎಂದು ಅಲ್ಲಿಯವನು ನಕ್ಕ.

"ಬ್ರೇಕ್ ಲೈಟ್ ನೋಡಬೇಕಿತ್ತು."

"ನೀವು ನೋಡಿದ ಮೇಲೆ ನಾವೇನು ನೋಡೋದು ಸ್ವಾಮಿ?"

"ದಯವಿಟ್ಟು ನೋಡಿ," ಎಂದು ಪಂಡಿತ, ತಮ್ಮ ಸರದಿಗೆ ಕಾಯುತ್ತಿದ್ದ ಗಿರಾಕಿಗಳ ನಡುವೆ, ಬೆಂಚಿನ ತುದಿಯಲ್ಲಿ ಹೋಗಿ ಕುಳಿತ.