ಹೊರತುದಿಯಿಂದ ಒಳಕ್ಕೆ

ನಮ್ಮ ಮನೆಯಲ್ಲಿ ನಾದಿನಿಗೆ ಮಟ್ಟಗೋಲು ಅಂತ ಹೆಸರು. ಇಟ್ಟವರು ಅವಳ ಅಣ್ಣ, ಅಂದರೆ ನಮ್ಮವರು. ಉದ್ದಕ್ಕೆ, ತೆಳ್ಳಗೆ, ನೆಟ್ಟಗೆ ಇದ್ದಾಳೆ ಅನ್ನುವುದು ಒಂದು ಕಾರಣ. ಗೋಡೆಯ ಮೇಲಿನ ಫೋಟೋ ಎಳ್ಳಷ್ಟು ವಾಲಿದ್ದರೂ ಅವಳಿಗೆ ತುತ್ತು ಇಳಿಯುವುದಿಲ್ಲ ಅನ್ನುವುದು ಇನ್ನೊಂದು. ನಾನು ಮದುವೆಯಾಗಿ ಬಂದ ಹೊಸದರಲ್ಲೇ ಅಡುಗೆಮನೆಯ ಕಪಾಟಿನ ಹಲಗೆ ಬಲಕ್ಕೆ ಇಳಿದಿದೆ, ಎಣ್ಣೆ ಡಬ್ಬಿ ಎಡಕ್ಕಿಡಿ ಎಂದಿದ್ದಳು. ಬಂದವಳಿಗೆ ಮೊದಲ ಬುದ್ಧಿವಾದ ಹೇಳಿದ್ದು ಅತ್ತೆಯಲ್ಲ, ಈ ಹುಡುಗಿ ಅಂತ ನನಗೆ ಒಳಗೊಳಗೇ ಉರಿದಿತ್ತು. ಆದರೂ ಡಬ್ಬಿ ಎಡಕ್ಕಿಟ್ಟೆ. ಇವತ್ತಿಗೂ ಅದು ಅಲ್ಲೇ ಇದೆ, ಹಲಗೆಯೂ ಬಿದ್ದಿಲ್ಲ.

ಅವಳು ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಸೈಟ್ ಇಂಜಿನಿಯರ್. ನಾವೆಲ್ಲ ಹಲ್ಲುಜ್ಜುವ ಹೊತ್ತಿಗೆ ಅವಳು ಬೂಟು ಕಟ್ಟಿಕೊಂಡು ಹೊರಟಿರುತ್ತಾಳೆ. ಸಂಜೆ ಬರುವಾಗ ಹುಬ್ಬಿನ ಮೇಲೆಲ್ಲ ಸಿಮೆಂಟಿನ ಬೂದಿ, ಗಂಟಲು ಕಟ್ಟಿ ಅರ್ಧ ಮಾತು ಗಾಳಿ. ಬೂಟು ಬಿಚ್ಚುವುದು ಹೊಸ್ತಿಲ ಆಚೆಗೇ. ಒಳಗೆ ತಂದರೆ ಅತ್ತೆ ಬಿಡುವುದಿಲ್ಲ, ಅವಳೂ ತಂದವಳಲ್ಲ. ನನ್ನ ಮಗಳು ಪಾಪು ಆ ಬೂಟಿನೊಳಗೆ ಎರಡೂ ಕಾಲು ಇಳಿಸಿ ನಿಂತು, ಹೆಜ್ಜೆ ಎತ್ತಲಾಗದೆ ಕೂಗುವುದು ನಮ್ಮ ಮನೆಯ ಸಾಯಂಕಾಲದ ಗಂಟೆ.

ಈಗ ಕಟ್ಟುತ್ತಿರುವ ಕಟ್ಟಡ ಮುಗಿಯುವ ಹಂತಕ್ಕೆ ಬಂದಾಗ ದೊಡ್ಡ ಸಾಹೇಬರು ಅವಳನ್ನು ಕರೆದು, ಮುಂದಿನ ಕೆಲಸಕ್ಕೆ ಎರಡು ದಾರಿ ಇಟ್ಟಿದ್ದೇನೆ, ಯಾವುದು ಬೇಕೋ ಆರಿಸಿಕೋ ಎಂದರಂತೆ. ಒಂದು ಪ್ಲಾನಿಂಗ್. ಮುಖ್ಯ ಆಫೀಸಿನಲ್ಲಿ ಕೂತು ಯಾವ ಕೆಲಸ ಯಾವಾಗ ಶುರು, ಯಾವುದು ಮುಗಿದ ಮೇಲೆ ಯಾವುದು ಎಂದು ಕಂಪ್ಯೂಟರಿನಲ್ಲಿ ಚಾರ್ಟು ಹಾಕುವ ಕೆಲಸ. ಇನ್ನೊಂದು ಸೈಟ್ ಇನ್‌ಚಾರ್ಜ್. ಇಡೀ ಕಟ್ಟಡ ಅವಳ ತಲೆಯ ಮೇಲೆ. ಒಂದು ಕಡೆ ಹೋದರೆ ಆಮೇಲೆ ಇನ್ನೊಂದು ಕಡೆ ಹೊರಳುವುದು ಕಷ್ಟ, ಯೋಚನೆ ಮಾಡಿ ಹೇಳು ಎಂದೂ ಅಂದಿದ್ದರು.

ಯೋಚನೆ ಮಾಡಬೇಕಾದವಳು ಅವಳು, ನಿದ್ದೆಗೆಟ್ಟವರು ನಾವು. ಅತ್ತೆಗೆ ಪ್ಲಾನಿಂಗೇ ಆಗಬೇಕು. ಸೈಟಿನಲ್ಲಿ ಹೆಂಗಸರಿಗೆ ನೆಟ್ಟಗೊಂದು ಶೌಚಾಲಯ ಇಲ್ಲ, ಅದಕ್ಕೇ ಮಗಳು ಹಗಲಿಡೀ ನೀರು ಕುಡಿಯುವುದಿಲ್ಲ ಎನ್ನುವುದು ಅವರಿಗೆ ಗೊತ್ತು. ಆದರೆ ಆ ದುಃಖವನ್ನು ಅವರು ಹೇಳುವುದು ಬೇರೆ ಥರ. "ಸುಟ್ಟ ಬದನೆಕಾಯಿ ಆಗಿದೀಯ ಕಣೇ. ಫ್ಯಾನಿನ ಕೆಳಗೆ ಕೂತು ಸಂಬಳ ತಗೊಳ್ಳೋದಕ್ಕೂ ಪುಣ್ಯ ಬೇಕು." ನಮ್ಮವರದು ತದ್ವಿರುದ್ಧ. ಇನ್‌ಚಾರ್ಜ್ ಕುರ್ಚಿ ತಾನಾಗಿ ಬಂದಾಗ ಕೂತುಕೊಳ್ಳಬೇಕು, ಒರೆಸುತ್ತಾ ನಿಂತರೆ ಇನ್ನೊಬ್ಬ ಕೂರುತ್ತಾನೆ ಎಂದು. ನನ್ನದೂ ಒಂದು ಲೆಕ್ಕ ಇತ್ತು. ಪಾಪುವಿಗೆ ಮಾತು ಬಂದಿದೆ, ನಾನು ಮತ್ತೆ ಕೆಲಸಕ್ಕೆ ಸೇರಬೇಕು. ನಾದಿನಿ ಆಫೀಸು ಹಿಡಿದರೆ ಬೆಳಕಿರುವಾಗಲೇ ಮನೆಗೆ ಬರುತ್ತಾಳೆ, ಮಗು ಅವಳ ಜೊತೆ ಇರುತ್ತದೆ. ಹೀಗಾಗಿ ನಾನು ಅತ್ತೆಯ ಪಕ್ಷ. ಅತ್ತೆಗೂ ನನಗೂ ಒಂದೇ ಅಭಿಪ್ರಾಯ ಬಂದಿದ್ದು ನೋಡಿ ನಮ್ಮವರು ಕಿಟಕಿಯಿಂದ ಆಕಾಶ ನೋಡಿದರು, ಏನಾದರೂ ಉದುರುತ್ತದೆಯೇನೋ ಎಂದು.

ಅವಳ ಮನಸ್ಸು ಇದ್ದದ್ದು ಇನ್‌ಚಾರ್ಜ್ ಮೇಲೆ. ಓದುವಾಗಿನಿಂದಲೂ ಅದೇ ಆಸೆ: ಬರಿ ನೆಲದ ಮೇಲೆ ಸುಣ್ಣದ ಗೆರೆ ಎಳೆಯುವ ದಿನದಿಂದ ಬೀಗದ ಕೈ ಕೊಡುವ ದಿನದವರೆಗೆ ಒಂದು ಕಟ್ಟಡ ತನ್ನದು ಅನ್ನಿಸಬೇಕು. ಆದರೆ ನೋಡದೆಯೇ ಬೇಡ ಅನ್ನಬಾರದೆಂದು, ಮಧ್ಯಾಹ್ನದ ಮೇಲೆ ಕೆಲವು ದಿನ ಆಫೀಸಿಗೆ ಹೋಗಿ ಪ್ಲಾನಿಂಗ್ ಕಲಿಯಲು ಒಪ್ಪಿಕೊಂಡಳು. ಹೋದ ಮೇಲೆ ಅದೂ ಹಿಡಿಸಿತು. ಒಂದು ಸಂಜೆ ಊಟದ ಮೇಜಿನ ಮೇಲೆ ಚಾರ್ಟು ಹರಡಿ ನನಗೆ ತೋರಿಸಿದಳು. ಒಂದೊಂದು ಕೆಲಸಕ್ಕೂ ಒಂದೊಂದು ಬಣ್ಣದ ಚೌಕ, ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದೆ. ಒಂದು ಜಾರಿದರೆ ಅದರ ಹಿಂದೆ ಬರುವುದೆಲ್ಲ ಜಾರುತ್ತದೆ. ಇದೇನು ಮಹಾ, ಪಾಪು ಏಳುವುದರೊಳಗೆ ಹಾಲು ಕಾಯಬೇಕು, ಹಾಲು ಕಾಯುವುದರೊಳಗೆ ಬಟ್ಟೆ ನೆನೆಹಾಕಬೇಕು, ನನ್ನ ತಲೆಯೊಳಗೆ ದಿನವೂ ಇದೇ ಚಾರ್ಟು ಎಂದೆ. ಹಾಗಾದರೆ ನೀವೇ ಬನ್ನಿ ಅತ್ತಿಗೆ ಪ್ಲಾನಿಂಗಿಗೆ, ನಾನು ಮಗು ನೋಡಿಕೊಳ್ಳುತ್ತೇನೆ ಎಂದು ನಕ್ಕಳು. ಆ ನಗು ನೋಡಿ ನಾನು ಗೆದ್ದೆವೆಂದೇ ತಿಳಿದೆ.

ಅದಾದ ವಾರದಲ್ಲಿ ಒಂದು ದಿನ ಅವಳು ಹೊತ್ತಲ್ಲದ ಹೊತ್ತಿಗೆ ಮನೆಗೆ ಬಂದಳು. ಬೂಟು ಬಿಚ್ಚಲಿಲ್ಲ. ಬೂಟುಗಾಲಿನಲ್ಲೇ ನಡುಮನೆ ದಾಟಿ ಬಂದು ಅಡುಗೆಮನೆಯ ನೆಲದ ಮೇಲೆ ಕೂತಳು. ಅತ್ತೆ ಬೈಯಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ನಾನು ನೀರು ಕೊಟ್ಟೆ. ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

ಸೈಟಿನಲ್ಲಿ ಒಂದು ಬಾಲ್ಕನಿ ಮುರಿದು ಬಿದ್ದಿತ್ತು. ಸೆಂಟ್ರಿಂಗ್ ಮೇಸ್ತ್ರಿಯ ತೊಡೆ ಅದರಡಿ ಸಿಕ್ಕಿತ್ತು. ಜೀವ ಉಳಿದಿದೆ.

ಏನಾಯಿತು ಎನ್ನುವುದು ನನಗೆ ತಿಳಿದದ್ದು ಅವಳು ಎರಡು ದಿನಗಳಲ್ಲಿ ತುಂಡು ತುಂಡಾಗಿ ಹೇಳಿದ ಮೇಲೆ. ಕಾಂಕ್ರೀಟ್ ಹಾಕುವಾಗ ಅದನ್ನು ಹೊರಲು ಕೆಳಗೆ ಹಲಗೆ ಕಟ್ಟಿ, ಹಲಗೆಗೆ ಕಬ್ಬಿಣದ ಕಂಬ ಊರುತ್ತಾರೆ. ಅದೇ ಸೆಂಟ್ರಿಂಗ್. ಕಾಂಕ್ರೀಟ್ ಗಟ್ಟಿಯಾದ ಮೇಲೆ ಕಂಬ ಬಿಚ್ಚುತ್ತಾರೆ. ಕೋಣೆಯ ಸೂರಿಗೆ ಸುತ್ತಲೂ ಆಸರೆ ಇರುತ್ತದೆ. ಬಾಲ್ಕನಿ ಹಾಗಲ್ಲ, ಅದು ಗೋಡೆಯಿಂದ ಚಾಚಿದ ಕೈ. ಅದರ ಬಲವೆಲ್ಲ ಭುಜದ ಕಡೆ, ಮೇಲ್ಮೈಯಲ್ಲಿ ಹಾಕಿದ ಕಬ್ಬಿಣದ ಸರಳಿನಲ್ಲಿ. ಆದ್ದರಿಂದ ಬಾಲ್ಕನಿಯ ಕಂಬಗಳನ್ನು ಹೊರತುದಿಯಿಂದ ಬಿಚ್ಚುತ್ತಾ ಗೋಡೆಯ ಕಡೆ ಬರಬೇಕು. ಗೋಡೆಯ ಕಡೆಯಿಂದ ಬಿಚ್ಚಿದರೆ ತುದಿಯ ಕಂಬ ನಿಂತಿರುತ್ತದೆ, ನಡುವೆ ಆಸರೆಯಿಲ್ಲದೆ ಕೆಳಮೈ ಬಿರಿಯುತ್ತದೆ. ಹಳೆಯ ಗುಂಪಿಗೆ ಇದು ಗೊತ್ತಿತ್ತು. ಅವರು ಬೇರೆ ಕೆಲಸಕ್ಕೆ ಹೋಗಿ ಹೊಸ ಗುಂಪು ಬಂದಿತ್ತು. ಹೊಸಬರು ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಗೋದಾಮು. ಗೋದಾಮಿಗೆ ಬಾಲ್ಕನಿ ಎಲ್ಲಿ ಬರಬೇಕು.

ಆ ಮಧ್ಯಾಹ್ನ ಅವಳು ಆಫೀಸಿನಲ್ಲಿದ್ದಳು. ಚಾರ್ಟು ಹಾಕುತ್ತಿದ್ದಳು.

ದೊಡ್ಡ ಸಾಹೇಬರು ಒಳ್ಳೆಯ ಮಾತೇ ಆಡಿದರು. ತಪ್ಪು ಹೊಸ ಗುತ್ತಿಗೆದಾರನದು, ನೀನು ಆಗ ಆಫೀಸಿನಲ್ಲಿದ್ದೆ, ನಿನ್ನ ಹೆಸರು ಎಲ್ಲೂ ಬರುವುದಿಲ್ಲ, ಎರಡು ದಾರಿಯೂ ತೆರೆದೇ ಇವೆ ಎಂದರಂತೆ. ಅತ್ತೆಗೆ ಇದನ್ನು ಕೇಳಿ ಹೋದ ಜೀವ ಬಂದಂತಾಯಿತು. ಅವಳಿಗೆ ಮಾತ್ರ ಆ ಮಾತು ಅಂಗಾಲಿಗೆ ಹೊಕ್ಕ ಮುಳ್ಳಿನಂತೆ ಒಳಗೇ ಉಳಿಯಿತು. ಊಟಕ್ಕೆ ಕೂರುವಳು, ಅನ್ನ ಕಲಸುವಳು, ಎದ್ದು ಹೋಗುವಳು. ಪಾಪು ಚೆಂಡು ಎಸೆದು ಗೋಡೆಯ ಫೋಟೋ ಒಂದು ಕಡೆ ಇಳಿಬಿದ್ದಿತ್ತು. ಮಟ್ಟಗೋಲು ದಿನವೂ ಅದರ ಕೆಳಗೇ ಹಾದುಹೋದಳು, ತಲೆಯೆತ್ತಲಿಲ್ಲ.

ಭಾನುವಾರ ಆಸ್ಪತ್ರೆಗೆ ಹೊರಟಾಗ ನಾನೂ ಜೊತೆಗೆ ಹೋದೆ. ಒಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ. ಬಾಳೆಹಣ್ಣು, ಬಿಸ್ಕತ್ತು, ಒಂದು ಫ್ಲಾಸ್ಕು ತೆಗೆದುಕೊಂಡೆವು. ಅಂಥ ಹೊತ್ತಿನಲ್ಲಿ ಹೂವಿಗಿಂತ ಫ್ಲಾಸ್ಕು ಉಪಯೋಗಕ್ಕೆ ಬರುತ್ತದೆ. ಮೇಸ್ತ್ರಿಗೆ ನನ್ನ ವಯಸ್ಸೇ ಇರಬೇಕು. ಕಾಲಿಗೆ ತೂಕ ಕಟ್ಟಿ ಎತ್ತಿ ಇಟ್ಟಿದ್ದರು. ಮಂಚದ ಪಕ್ಕ ಅವನ ಹೆಂಡತಿ, ಮಡಿಲಲ್ಲಿ ಪಾಪುವಿನಷ್ಟೇ ಮಗು. ನಾದಿನಿ ಹೇಗಿದ್ದೀರಿ ಎಂದು ಕೇಳುವ ಮೊದಲೇ ಹೆಂಡತಿ ಎದ್ದು ನಿಂತಳು. ದನಿ ಏರಿಸಲಿಲ್ಲ.

"ಆಗ ನೀವು ಎಲ್ಲಿದ್ರಿ ಮೇಡಂ?"

"ಆಫೀಸಲ್ಲಿದ್ದೆ," ಅಂದಳು ನಾದಿನಿ.

ಸಾಹೇಬರು ಸಮಾಧಾನಕ್ಕೆ ಹೇಳಿದ್ದೂ ಅದೇ ಮಾತು. ಇಲ್ಲಿ ಅದು ಬೇರೆಯಾಗಿ ಕೇಳಿಸಿತು. ಹೆಂಡತಿ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದಳು. ನಾನು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಮೇಸ್ತ್ರಿಯೇ ಕೇಳಿದ.

"ಅದು ಯಾವ ಕಡೆಯಿಂದ ಬಿಚ್ಚಬೇಕಿತ್ತು ಮೇಡಂ?"

ನಾದಿನಿ ಒಂದು ಬಿಸ್ಕತ್ತು ತೆಗೆದುಕೊಂಡಳು. ಮಂಚದ ಪಕ್ಕದ ಕಪಾಟಿನ ಅಂಚಿನಿಂದ ಮುಕ್ಕಾಲು ಪಾಲು ಹೊರಗೆ ಚಾಚಿ ಇಟ್ಟು, ಒಳತುದಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ಹೊರತುದಿಯ ಕೆಳಗೆ ಇನ್ನೊಂದು ಕೈಯ ಬೆರಳು ಕೊಟ್ಟು, ನಡುವೆ ಒತ್ತಿ ಅಂದಳು. ಅವನು ಮಲಗಿದಲ್ಲಿಂದಲೇ ಕೈ ಚಾಚಿ ಒತ್ತಿದ. ಬಿಸ್ಕತ್ತು ಎರಡು ತುಂಡಾಯಿತು. ಅವನು ತುಂಡುಗಳನ್ನೇ ನೋಡಿದ.

"ಹೊರಗಡೆ ಅಂಚಲ್ಲಿ ನಿಂತ್ಕೊಳ್ಳೋಕೆ ಹೆದರಿಕೆ ಆಯ್ತು. ಆದಷ್ಟು ಹೊತ್ತು ಗೋಡೆ ಹತ್ರಾನೇ ಇರೋಣ ಅಂತ ಅಲ್ಲಿಂದ ಶುರು ಮಾಡಿದ್ವಿ," ಎಂದ. ಆಮೇಲೆ, "ಯಾರೂ ಹೇಳಿರಲಿಲ್ಲ," ಎಂದ. ದೂರಿನ ದನಿಯಲ್ಲ, ಇದ್ದದ್ದು ಇದ್ದ ಹಾಗೆ.

ಬಸ್ಸಿನಿಂದ ಇಳಿಯುವ ಮುಂಚೆ ಅವಳು ಹೇಳಿದಳು: "ಅತ್ತಿಗೆ, ಚಾರ್ಟಲ್ಲಿ ನಾನು ಒಂದು ಚೌಕ ಹಾಕಿದ್ದೆ. ಬಾಲ್ಕನಿ ಸೆಂಟ್ರಿಂಗ್ ಬಿಚ್ಚೋದು ಅಂತ. ಹಸಿರು ಬಣ್ಣ. ಯಾವ ಕಡೆಯಿಂದ ಅಂತ ಬರೆಯೋಕೆ ಅದರಲ್ಲಿ ಜಾಗಾನೇ ಇರಲಿಲ್ಲ."

ಹಾಗಾದರೆ ಇನ್‌ಚಾರ್ಜೇ ಅಂತ ಆಯಿತು ಎಂದುಕೊಂಡೆ. ಊಟದ ಹೊತ್ತಿಗೆ ನಮ್ಮವರೂ ಹಾಗೇ ತಿಳಿದು ಮಾತು ತೆಗೆದರು. ಮೊದಲು ಕುರ್ಚಿ ಹಿಡಿ ಎಂದವರು ಈಗ ಹೆದರಿದ್ದರು. ಇನ್‌ಚಾರ್ಜ್ ಆದವಳು ಬೆಳಗಿಂದ ಸಂಜೆವರೆಗೆ ಮೀಟಿಂಗು, ಸಾಮಾನು, ಗುತ್ತಿಗೆದಾರರ ಜಗಳ ಅಂತಲೇ ಇರುತ್ತಾಳೆ. ಹತ್ತು ಕಡೆ ಕಣ್ಣಿಟ್ಟರೆ ಹನ್ನೊಂದನೆಯ ಕಡೆ ಬೀಳುತ್ತದೆ. ಆಗ ಎಲ್ಲಿದ್ದೆ ಅಂತ ಕೇಳಿದರೆ ಏನು ಹೇಳುತ್ತೀ ಎಂದು ಕೇಳಿದರು. ತಂಗಿಯ ಮೇಲಿನ ಅಕ್ಕರೆಗೇ ಕೇಳಿದ್ದು, ಆದರೆ ಏಟು ಬಿದ್ದದ್ದು ನೋಯುವ ಜಾಗಕ್ಕೆ. ಅವಳು ಕೈ ತೊಳೆದು ಬಂದು ಹೇಳಿದಳು.

"ಅದಕ್ಕೇ ಅಣ್ಣ, ಎರಡೂ ಬೇಡ ಅಂತೀನಿ. ಮುಂದಿನ ಕಟ್ಟಡಕ್ಕೂ ಸೈಟ್ ಇಂಜಿನಿಯರ್ ಆಗೇ ಹೋಗ್ತೀನಿ. ಬಿಚ್ಚೋ ಜಾಗದಲ್ಲಿ ನಿಂತಿರ್ತೀನಿ."

ಅತ್ತೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೇ ಬಿಟ್ಟರು. "ಮೆಟ್ಟಿಲು ಹತ್ತು ಅಂದ್ರೆ ಮೆಟ್ಟಿಲ ಮೇಲೇ ಕೂತ್ಕೊಂಡ್ಲು," ಎಂದು ಯಾರಿಗೂ ಅಲ್ಲದಂತೆ ಹೇಳಿ ಒಳಗೆ ಹೋದರು. ಅಲ್ಲಿಂದಾಚೆ ಮಗಳೊಂದಿಗೆ ಅವರ ಮಾತುಕತೆಯೆಲ್ಲ ಪಾಪುವಿನ ಮೂಲಕ ನಡೆಯಿತು: ನಿನ್ನ ಅತ್ತೆಗೆ ಹೇಳು, ಸೋಪು ಖಾಲಿ ಆಗಿದೆ. ಪಾಪು ಓಡಿಹೋಗಿ ಸೋಪು ಅಂತಷ್ಟೇ ಹೇಳುತ್ತಿತ್ತು.

ದೊಡ್ಡ ಸಾಹೇಬರು ಬಿಡಿಸಿ ಹೇಳಿದರಂತೆ. ಸರದಿ ತಪ್ಪಿಸಿಕೊಂಡವರಿಗೆ ಮತ್ತೆ ಸರದಿ ಬರುತ್ತದೆಂದು ಮಾತು ಕೊಡಲಾರೆ, ಹೆದರಿ ಹಿಂದೆ ಸರಿದಳು ಅಂತಲೇ ಜನ ಅನ್ನುತ್ತಾರೆ ಎಂದು. ಇನ್‌ಚಾರ್ಜ್ ಕುರ್ಚಿ ಅವಳಿಗಿಂತ ಆಮೇಲೆ ಸೇರಿದವನೊಬ್ಬನಿಗೆ ಹೋಯಿತು, ಈ ಕಟ್ಟಡದ ಉಳಿದ ಕೆಲಸವನ್ನೂ ಅವನಿಗೇ ಒಪ್ಪಿಸಿದರು. ಅಳತೆ ಹಿಡಿಯುವುದನ್ನು ಅವನಿಗೆ ಕಲಿಸಿದವಳು ಇವಳೇ. ಇನ್ನು ಅವನನ್ನು ಸರ್ ಅನ್ನಬೇಕು. ಇದನ್ನು ಹೇಳುವಾಗ ನಗಲು ನೋಡಿದಳು, ಬಾಯಿ ಒಪ್ಪಿತು, ಕಣ್ಣು ಒಪ್ಪಲಿಲ್ಲ. ಬಟ್ಟೆ ಮಡಚುತ್ತಾ ನಾನು ಮೆಲ್ಲಗೆ ಕೇಳಿದೆ, ಇದು ನಿಜಕ್ಕೂ ನಿನಗೆ ಬೇಕಾದದ್ದೋ, ಇಲ್ಲ ನಿನಗೆ ನೀನೇ ಕೊಟ್ಟುಕೊಂಡ ಶಿಕ್ಷೆಯೋ ಎಂದು. ಪಾಪುವಿನ ಅಂಗಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ, "ನಂಗೂ ಗೊತ್ತಾಗ್ತಿಲ್ಲ ಅತ್ತಿಗೆ," ಎಂದಳು.

ನನಗೂ ಗೊತ್ತಾಗಿಲ್ಲ. ಮೇಸ್ತ್ರಿಯ ಕಾಲು ಕೂಡುತ್ತದೆ, ಆದರೆ ಮತ್ತೆ ಎತ್ತರ ಹತ್ತುವ ಕೆಲಸ ಆಗದು ಎಂದಿದ್ದಾರೆ ಡಾಕ್ಟರು. ಇವಳು ಸೈಟಿನಲ್ಲಿ ನಿಂತ ಮಾತ್ರಕ್ಕೆ ಅವನು ಆಸ್ಪತ್ರೆಯಲ್ಲಿ ಎದ್ದು ಕೂರುವುದಿಲ್ಲ. ಅವಳು ಭಾನುವಾರ ಹೋಗಿಬರುತ್ತಾಳೆ. ಹೆಂಡತಿ ಇನ್ನೂ ಮಾತಾಡಿಸಿಲ್ಲವಂತೆ, ಕುರ್ಚಿ ಮಾತ್ರ ಎಳೆದು ಕೊಡುತ್ತಾಳಂತೆ. ನಾನು ಸಂಜೆಯ ಹೊತ್ತು ಪಾಪುವನ್ನು ನೋಡಿಕೊಳ್ಳಲು ಪಕ್ಕದ ಮನೆಯಾಕೆಯನ್ನು ಒಪ್ಪಿಸಿದ್ದೇನೆ. ಯಾರ ಆಯ್ಕೆ ಏನೇ ಆಗಲಿ, ಮಗುವಿಗೆ ಸಂಜೆ ಹಸಿವಾಗುತ್ತದೆ. ಫೋಟೋ ಇನ್ನೂ ವಾಲಿಯೇ ಇದೆ, ನಾನೂ ಮುಟ್ಟಿಲ್ಲ.

ನಿಂತಿದ್ದ ಕೆಲಸ ನಿನ್ನೆ ಮತ್ತೆ ಶುರುವಾಯಿತು. ಉಳಿದ ಬಾಲ್ಕನಿಗಳ ಕಂಬ ಬಿಚ್ಚಬೇಕು. ಅಂಚಿನಲ್ಲಿ ನಿಲ್ಲುವವರಿಗೆಲ್ಲ ಸೊಂಟಕ್ಕೆ ಬೆಲ್ಟು ಕಟ್ಟಿಸಿ, ಹಗ್ಗವನ್ನು ಒಳಗಿನ ತೊಲೆಗೆ ಬಿಗಿಸಿ, ತಾನೂ ಒಂದು ಕಟ್ಟಿಕೊಂಡು ಅವರ ಪಕ್ಕದಲ್ಲೇ ನಿಂತಳಂತೆ. ಹೊಸ ಇನ್‌ಚಾರ್ಜ್ ಕೆಳಗಿನಿಂದ, ಇಷ್ಟು ನಿಧಾನ ಆದರೆ ಹೇಗೆ ಎಂದು ಕೂಗಿದನಂತೆ. ಇವಳು ಸರ್ ಅಂದಳು, ನಿಧಾನವನ್ನು ಬಿಡಲಿಲ್ಲ.

ಕತ್ತಲಾಗುವಾಗ ಬಂದು ಹೊಸ್ತಿಲಾಚೆ ಬೂಟು ಬಿಚ್ಚಿದಳು. ಅತ್ತೆ ಬಿಸಿನೀರಿನ ಬಕೆಟ್ಟು ತಂದು ಬಚ್ಚಲಲ್ಲಿಟ್ಟು, ಬಾಗಿಲಿಗೆ ಒರಗಿ ನಿಂತರು. ಪಾಪು ಬೂಟಿನೊಳಗೆ ಇಳಿಯುವುದರಲ್ಲಿತ್ತು, ಅದರ ಕೈಲಿ ಹೇಳಿಸಲು ಆಗಲಿಲ್ಲ. ತಾವೇ ಕೇಳಿದರು.

"ಎಷ್ಟು ಬಿಚ್ಚಿದ್ರಿ ಇವತ್ತು?"

"ಒಂದೇ ಅಮ್ಮ."

"ನಿಂತಿದೆಯಾ?"

"ನಿಂತಿದೆ."