ಕಡ ತಂದ ಕುರ್ಚಿ

ಗೃಹಲಕ್ಷ್ಮಿ ಹಣ ಬರಲು ಶುರುವಾದ ಮರುವರ್ಷ. ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಾನು ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ ಓದುವಾಗ ಸಮಾಜ ಕಾರ್ಯದ ಬಗ್ಗೆ ದೊಡ್ಡ ದೊಡ್ಡ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದ್ದೆ. ಕೆಲಸಕ್ಕೆ ಸೇರಿದ ಮೇಲೆ ತಿಳಿದದ್ದು ಇಷ್ಟು: ರೋಗಿ ಒಂದು ದಡದಲ್ಲಿರುತ್ತಾನೆ, ಅವನಿಗೆಂದೇ ಇರುವ ಸರ್ಕಾರಿ ಯೋಜನೆ ಇನ್ನೊಂದು ದಡದಲ್ಲಿರುತ್ತದೆ, ದಾಟಿಸುವವರು ಬೇಕು.

ಈ ಪ್ರಕರಣವನ್ನು ಬರೆಯುವ ಮೊದಲು ಒಂದು ಮಾತು. ನಾನು ದಿನಚರಿ ಬರೆಯುವವಳು. ಆದರೆ ಸಿಟ್ಟು ಬಂದ ದಿನಗಳಲ್ಲಿ ನನ್ನ ದಿನಚರಿ ಎರಡೇ ಸಾಲಿಗೆ ನಿಲ್ಲುತ್ತದೆ, ಮತ್ತು ಈ ಪ್ರಕರಣದ ಬಹುಪಾಲು ದಿನಗಳು ಅಂಥವೇ. ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಎಲ್ಲಿ ಅನುಮಾನವಿದೆಯೋ ಅಲ್ಲಿ ಹೇಳುತ್ತೇನೆ.

ಗೋಪನಕೊಪ್ಪದ ಶಾಂತವ್ವ ಮಗಳು ಸವಿತಾಳನ್ನು ಕರೆದುಕೊಂಡು ಬಂದದ್ದು ಮಳೆಗಾಲದ ಕೊನೆಗೆ. ಹುಡುಗಿಗೆ ಇಪ್ಪತ್ತರ ಆಸುಪಾಸು. ಚಿಕ್ಕಂದಿನಲ್ಲಿ ಬಂದ ಕೀಲು ಜ್ವರ ಹೃದಯದ ಒಂದು ಕವಾಟವನ್ನು ಕೆಡಿಸಿತ್ತು. ಆ ಕವಾಟ ಈಗ ಪೂರ್ತಿ ತೆರೆಯುತ್ತಿರಲಿಲ್ಲ, ರಕ್ತ ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ನಿದ್ದೆ. ಕವಾಟ ಬದಲಿಸಬೇಕು, ತಡ ಮಾಡುವಂತಿಲ್ಲ ಎಂದು ವೈದ್ಯರು ಹೇಳಿ, ಶಸ್ತ್ರಚಿಕಿತ್ಸೆಗೆ ದಿನವನ್ನೂ ಗೊತ್ತುಮಾಡಿದರು.

ಅಪ್ಪ ಈರಪ್ಪ ಗೋಕುಲ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಹೆಲ್ಪರ್. ಶಾಂತವ್ವ ಮನೆಯಲ್ಲಿ ಖಡಕ್ ರೊಟ್ಟಿ ಬಡಿದು ವಿದ್ಯಾನಗರದ ಖಾನಾವಳಿಗಳಿಗೆ ಕೊಡುತ್ತಿದ್ದಳು. ಇಂಥ ಕುಟುಂಬಕ್ಕೆ ಬಿಪಿಎಲ್ ಕಾರ್ಡ್ ಇದ್ದರೆ ಶಸ್ತ್ರಚಿಕಿತ್ಸೆಯ ವೆಚ್ಚವನ್ನೆಲ್ಲ ಸರ್ಕಾರದ ಆರೋಗ್ಯ ಯೋಜನೆ ಭರಿಸುತ್ತದೆ. ಕಾರ್ಡ್ ಎಪಿಎಲ್ ಆದರೆ ಸರ್ಕಾರದ್ದು ಸಣ್ಣ ಪಾಲು, ಮಿಕ್ಕ ದೊಡ್ಡ ಪಾಲು ಮನೆಯವರದು. ಈರಪ್ಪನ ಮಟ್ಟಿಗೆ ಇವೆರಡರ ನಡುವಿನ ಅಂತರ ಎಂದರೆ ಮಗಳು ಬದುಕುವುದಕ್ಕೂ ಬದುಕದಿರುವುದಕ್ಕೂ ಇರುವ ಅಂತರ.

ಪ್ರಿ-ಆಥರೈಸೇಶನ್, ಅಂದರೆ ಶಸ್ತ್ರಚಿಕಿತ್ಸೆಗೆ ಮೊದಲು ಯೋಜನೆಯಿಂದ ಆನ್‌ಲೈನ್‌ನಲ್ಲಿ ಪಡೆಯಬೇಕಾದ ಒಪ್ಪಿಗೆ, ನನ್ನ ಮೇಜಿನ ಕೆಲಸ. ಕಾರ್ಡಿನ ಸಂಖ್ಯೆ ಹಾಕಿದೆ. ಪರದೆಯ ಮೇಲೆ ಎಪಿಎಲ್ ಎಂದು ಬಂತು. ತಪ್ಪು ಒತ್ತಿರಬೇಕೆಂದು ಮತ್ತೆ ಹಾಕಿದೆ. ಅದೇ ಬಂತು.

"ಶಾಂತವ್ವಾ, ಇತ್ತಿತ್ಲಾಗ ನಿಮ್ಮ ಕಾರ್ಡಿನ ಬಗ್ಗೆ ಯಾರರ ಬಂದು ವಿಚಾರಿಸಿದ್ರೇನ?"

"ಬಂದಿದ್ರಲ್ರಿ ಅಕ್ಕಾರ. ಸಾಹೇಬ್ರು ಬಂದು ಮನಿ ನೋಡಿಕೊಂಡು ಹೋದ್ರು. ಭಾಳ ಛಲೋ ಮಂದಿ. ಶಿರಾ ತಿಂದು, ಚಹಾ ಕುಡುದು, ಮಗಳಿಗೂ ಆಶೀರ್ವಾದ ಮಾಡಿ ಹೋದ್ರು."

ಆಗ ಅನರ್ಹರ ಬಿಪಿಎಲ್ ಕಾರ್ಡುಗಳನ್ನು ಹುಡುಕಿ ತೆಗೆಯುವ ಕೆಲಸ ಜೋರಾಗಿ ನಡೆದಿತ್ತು. ಅದರ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಕಾರಿನಲ್ಲಿ ಬಂದು ಬಿಪಿಎಲ್ ಕಾರ್ಡ್ ಮುಂದಿಡುವವರನ್ನು ನನ್ನ ಮೇಜಿನ ಮುಂದೆಯೇ ಕಂಡಿದ್ದೇನೆ. ಆದರೆ ಹುಡುಕುವ ಕಣ್ಣು ಯಾವ ಮನೆಯಲ್ಲಿ ಏನನ್ನು ನೋಡುತ್ತದೆ ಎಂಬುದು ನನಗೆ ತಿಳಿದದ್ದು ಮರುದಿನ, ಅರ್ಧ ದಿನ ರಜೆ ಹಾಕಿ ಆಹಾರ ಇಲಾಖೆಯ ಕಚೇರಿಗೆ ಹೋದಾಗ.

ಮನೆ ನೋಡಲು ಹೋಗಿದ್ದ ನಿರೀಕ್ಷಕರು ಸಿಕ್ಕರು. ಮಧ್ಯವಯಸ್ಸಿನ ಸಭ್ಯ ಮನುಷ್ಯ. ಹೆಸರು ಬೇಡ. ಕೂರಲು ಹೇಳಿ, ಕಂಪ್ಯೂಟರಿನಲ್ಲಿ ತಮ್ಮ ವರದಿ ತೆರೆದು ಓದಿದರು: ಮನೆಯಲ್ಲಿ ಫ್ರಿಜ್ ಇದೆ, ಕುರ್ಚಿಗಳಿವೆ, ಗೃಹಿಣಿ ರೇಷ್ಮೆ ಸೀರೆ ಮತ್ತು ಆಭರಣ ಧರಿಸಿದ್ದಾರೆ, ಕುಟುಂಬ ಸ್ಥಿತಿವಂತವಾಗಿ ಕಂಡುಬರುತ್ತದೆ.

"ಫ್ರಿಜ್ ಇದ್ರ ಕಾರ್ಡ್ ತೆಗೀಬೇಕು ಅಂತ ಯಾವ ನಿಯಮದಾಗ ಐತ್ರಿ?" ಎಂದೆ.

"ನಿಯಮದಾಗ ಇಲ್ಲ ಮೇಡಂ. ಆದ್ರ ಒಟ್ಟು ಮನಿ ನೋಡಿದ್ರ ಗೊತ್ತಾಗ್ತದಲ್ರಿ. ಆದಾಯ ಎಷ್ಟು ಅಂತ ಅವ್ರೇನ್ ಖರೇ ಹೇಳ್ತಾರ? ನಾವು ಕಣ್ಣಿಲೆ ನೋಡಿದ್ದು ಬರದೇವಿ."

"ಬಾಗಲಾ ತೆಗದು ನೋಡಿದ್ರೇನ್ರಿ?"

"ಯಾವ ಬಾಗಲಾ?"

"ಫ್ರಿಜ್ಜಿಂದು." ಹೆಲ್ಪರನ ಮನೆಯಲ್ಲಿ ನಡೆಯುವ ಫ್ರಿಜ್ ಇದ್ದೀತೆಂದು ನನಗೆ ನಂಬಿಕೆಯಿರಲಿಲ್ಲ.

ಅವರು ನನ್ನನ್ನೇ ನೋಡಿದರು. "ಮಂದಿ ಮನ್ಯಾಗಿನ ಫ್ರಿಜ್ ತೆಗೀಲಿಕ್ಕೆ ಬರ್ತದೇನ್ರಿ ಮೇಡಂ? ಮರ್ಯಾದಿ ಇರೋದಿಲ್ಲ ಅದಕ್ಕ."

ಮರ್ಯಾದೆ ಎಂಬ ಶಬ್ದವನ್ನು ಅವರೇ ಬಳಸಿದರು. ಇದು ದಿನಚರಿಯಲ್ಲಿದೆ, ಆದ್ದರಿಂದ ಖಚಿತ. ಉಂಡ ಮನೆಯ ಜಂತಿ ಎಣಿಸಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಈ ಮನುಷ್ಯ ಉಂಡಿದ್ದರು, ಎಣಿಸಿದ್ದರು, ಅಪ್‌ಲೋಡ್ ಕೂಡ ಮಾಡಿದ್ದರು. ಬಾಗಿಲು ತೆಗೆಯುವುದೊಂದೇ ಅವರಿಗೆ ಮರ್ಯಾದೆಗೇಡು ಅನ್ನಿಸಿತ್ತು.

ಕಚೇರಿಯಿಂದ ನೆಟ್ಟಗೆ ಗೋಪನಕೊಪ್ಪಕ್ಕೆ ಹೋದೆ. ಒಂದೇ ಕೋಣೆಯ ಮನೆ, ಮೂಲೆಯಲ್ಲಿ ಒಲೆ. ಗೋಡೆಗೆ ಒರಗಿ ಸವಿತಾ ಕೂತಿದ್ದಳು. ಎದುರು ಗೋಡೆಗೆ ಆ ಫ್ರಿಜ್ ಇತ್ತು. ಕುರ್ಚಿ ಒಂದೂ ಇರಲಿಲ್ಲ. ಶಾಂತವ್ವ ಚಾಪೆ ಹಾಸಿದಳು.

"ಕುರ್ಚಿ ಎಲ್ಲೆವ ಶಾಂತವ್ವಾ? ವರದಿಯೊಳಗ ಕುರ್ಚಿ ಇದ್ವು."

"ಅವು ಬಾಜೂಮನಿ ಮೆಹಬೂಬಿದವ್ರಿ. ರೇಶನ್ ಅಂಗಡ್ಯಾವ ಹಿಂದಿನ ದಿನ ಹೇಳಿದ್ದ, ನಾಳೆ ಸಾಹೇಬ್ರು ಮನಿ ನೋಡಾಕ ಬರ್ತಾರ ಅಂತ. ಅಂಥಾ ದೊಡ್ಡವ್ರನ್ನ ನೆಲಕ್ಕ ಕುಂದ್ರಸಾಕ ಬರ್ತದೇನ್ರಿ? ಕಡ ತಂದ್ವಿ. ಕಪ್ಪು ಬಶಿನೂ ಆಕಿದ. ಬೀಗರು ಬಂದಂಗ ಮಾಡಿದ್ವಿ ನೋಡ್ರಿ."

"ರೇಷ್ಮಿ ಸೀರಿ?"

"ನನ್ನ ಮದುವಿದು. ಸಾಹೇಬ್ರ ಮುಂದ ಹಿಟ್ಟು ಮೆತ್ತಿದ ಸೀರಿ ಉಟ್ಟು ನಿಂದ್ರಲೇನ್ರಿ?" ಆಭರಣವೆಂದರೆ ಜಾತ್ರೆಯಲ್ಲಿ ಕೊಂಡ ಪಾಲಿಶ್ ಸರ.

ಸವಿತಾ ಕೂತಲ್ಲಿಂದಲೇ ಹೇಳಿದಳು: "ಅವ್ವ ಅವತ್ತು ನನಗೂ ಪೌಡರ್ ಹಚ್ಚಿದ್ಲು ರೀ ಅಕ್ಕಾರ. ಜಡ್ಡಿನಕಿ ಕಾಣಬಾರ್ದು ಅಂತ." ಹೇಳಿ ನಕ್ಕಳು, ನಗುವಿಗೆ ಉಸಿರು ಸಾಲಲಿಲ್ಲ, ಕೆಮ್ಮು ಬಂತು.

ನಾನು ಎದ್ದು ಫ್ರಿಜ್ಜಿನ ಬಾಗಿಲು ತೆಗೆದೆ. ಒಳಗೆ ದೀಪವಿಲ್ಲ, ತಂಪಿಲ್ಲ. ಹೊರಗೆ ಬೆನ್ನಿನ ಕಡೆ ಯಂತ್ರವೇ ಇಲ್ಲ, ಖಾಲಿ ಗೂಡು. ಹಲಗೆಗಳ ಮೇಲೆ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿಯ ಗಂಟುಗಳು. ವರ್ಕ್‌ಶಾಪಿನ ಹಿಂದೆ ಗುಜರಿಗೆ ಬಿದ್ದಿದ್ದನ್ನು ಈರಪ್ಪ ಮಾಲೀಕರನ್ನು ಕೇಳಿ ತಂದಿದ್ದ. ಇಲಿ ಬರುವುದಿಲ್ಲ, ಇರುವೆ ಬರುವುದಿಲ್ಲ, ಮೆತ್ತಗಾಗುವುದಿಲ್ಲ. ರೊಟ್ಟಿ ಮಾಡುವ ಹಲವು ಮನೆಗಳಲ್ಲಿ ಈ ವ್ಯವಸ್ಥೆ ಇದೆ ಎಂದು ಶಾಂತವ್ವ ಹೇಳಿದಳು. ಆಕೆಗೆ ಅದು ಫ್ರಿಜ್ ಅಲ್ಲವೇ ಅಲ್ಲ, ರೊಟ್ಟಿ ಕಪಾಟು. ಹಾಗಾಗಿ ಸಾಹೇಬರಿಗೆ ಅದರ ಬಗ್ಗೆ ಏನನ್ನಾದರೂ ಹೇಳಬೇಕೆಂಬುದೇ ಹೊಳೆದಿರಲಿಲ್ಲ.

ಪುನರ್‌ಪರಿಶೀಲನೆಗೆ ಅರ್ಜಿ ಬರೆದು ಕೊಟ್ಟೆವು. ನೋಡೋಣ ಎಂದರು. ಶಸ್ತ್ರಚಿಕಿತ್ಸೆಯ ದಿನ ಬಂತು, ಹೋಯಿತು. ಆ ಜಾಗದಲ್ಲಿ ಬೇರೊಬ್ಬ ರೋಗಿ ಒಳಗೆ ಹೋದ. ಸವಿತಾ ಗೋಡೆಗೆ ಒರಗಿಯೇ ಇದ್ದಳು. ನಾನು ಫೋನ್ ಮಾಡಿದಾಗಲೆಲ್ಲ ಕಚೇರಿಯಲ್ಲಿ ಸರ್ವರ್ ಇರಲಿಲ್ಲ, ಇಲ್ಲವೇ ಸಾಹೇಬರು ಇರಲಿಲ್ಲ. ಒಂದು ಸಂಜೆ ಹುಡುಗಿಯ ತುಟಿ ನೀಲಿಗಟ್ಟಿ, ಆಟೋದಲ್ಲಿ ಹಾಕಿಕೊಂಡು ಬಂದರು. ನೀರು ತೆಗೆಯುವ ಔಷಧ, ಆಮ್ಲಜನಕ ಕೊಟ್ಟು ಉಳಿಸಿಕೊಂಡರು. ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸುವಾಗ ವೈದ್ಯರು ನನ್ನನ್ನು ಕರೆದು, "ಮೇಡಂ, ಮುಂದಿನ ಸಲ ನನ್ನ ಕೈಯಾಗ ಇರೋದಿಲ್ಲ," ಎಂದರು. ಅಂದಿನ ದಿನಚರಿಯಲ್ಲಿ ಈ ಮಾತೊಂದೇ ಇದೆ.

ಮರುದಿನ ಕಚೇರಿಗೆ ಹೋಗಿ ನಿರೀಕ್ಷಕರ ಮೇಜಿನ ಮುಂದೆ ಕೂತುಬಿಟ್ಟೆ. ನಾನು ಗಟ್ಟಿಯಾಗಿ ಮಾತಾಡಿದೆನೆಂದು ನನ್ನ ನೆನಪು. ಜೊತೆಗಿದ್ದ ಶಾಂತವ್ವನ ಪ್ರಕಾರ ನಾನು ಮಾತೇ ಆಡಲಿಲ್ಲ, ಸುಮ್ಮನೆ ಕೂತಿದ್ದೆ, ಅದಕ್ಕೇ ಅವರು ಅಂಜಿದರು. ಯಾವುದು ಖರೆಯೋ. ಗುರುವಾರ ಬರುತ್ತೇನೆಂದು ಅವರು ಒಪ್ಪಿದ್ದಂತೂ ಖರೆ.

ಹೊರಗೆ ಬಂದು ಶಾಂತವ್ವನಿಗೆ ಹೇಳಿದೆ: "ಈ ಸಲ ಕುರ್ಚಿ ತರಬ್ಯಾಡ. ಮನಿ ಸೀರಿ ಮ್ಯಾಲೇ ಇರು. ತಿನ್ನಾಕ ಏನೂ ಕೊಡಬ್ಯಾಡ."

ಆಕೆ ನಡೆಯುತ್ತಿದ್ದವಳು ನಿಂತಳು. "ಕುರ್ಚಿ ಬಿಡ್ತೇನಿ. ಸೀರಿ ಬಿಡ್ತೇನಿ. ಮನಿಗೆ ಬಂದವ್ರಿಗೆ ಏನೂ ಕೊಡಬ್ಯಾಡ ಅಂತೀರಲ್ರಿ ಅಕ್ಕಾರ, ಅದು ಆಗೂದಿಲ್ಲ. ಹಂಗಾರ ಎಷ್ಟು ಬಡವ್ರಾದ್ರ ನಡೀತದ ಅಂತ ಸರ್ಕಾರದವ್ರು ಹೇಳಿಬಿಡ್ಲಿ. ಅಷ್ಟು ಆಗ್ತೇವಿ."

ಗುರುವಾರ ನಾನೂ ಹೋಗಿದ್ದೆ. ನಿರೀಕ್ಷಕರು ಬಂದು ಚಾಪೆಯ ಮೇಲೆ ಕೂತರು. ಶಾಂತವ್ವ ಬೆಲ್ಲ, ನೀರು ಇಟ್ಟಳು. ಆಮೇಲೆ ತಾಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು.

"ಬ್ಯಾಡ ಯವ್ವಾ," ಎಂದರು ಅವರು.

"ಯಾಕ್ರಿ? ಹೋದ ಸಲ ತಿಂದ್ರಿ, ಬರದ್ರಿ. ಈ ಸಲನೂ ತಿನ್ರಿ, ಬರೀರಿ."

ಅವರು ತಾಟಿಗೆ ಕೈ ಹಾಕಲಿಲ್ಲ. ನಾನೇ ಫ್ರಿಜ್ಜಿನ ಬಾಗಿಲು ತೆಗೆದು ಹಿಡಿದೆ. ಅವರು ಎದ್ದು ಬಂದು ಬಗ್ಗಿ ನೋಡಿದರು, ಬೆನ್ನಿನ ಖಾಲಿ ಗೂಡಿನಲ್ಲಿ ಕೈಯಾಡಿಸಿದರು. ನನಗೆ ಗೆದ್ದೆನೆಂದು ಅನ್ನಿಸಿತು. ಆಗ ಅವರು ಮೊಬೈಲ್ ತೆಗೆದರು.

"ಫೋಟೋ ಹಾಕಬೇಕ್ರಿ ಮೇಡಂ. ಮ್ಯಾಲಿನವ್ರು ಫೋಟೋ ನೋಡೇ ಪಾಸ್ ಮಾಡ್ತಾರ. ಫ್ರಿಜ್ ಕಂಡ್ರ ಮತ್ತ ವಾಪಸ್ ಬರ್ತದ. ಇದನ್ನ ಹೊರಗ ಇಡೂಣು."

"ಕೆಟ್ಟದ್ದು ಐತಿ ಅಂತ ನೀವ ನೋಡಿದ್ರಲ್ಲ. ಅದನ್ನ ಬರೀರಿ."

"ಬರೀತೇನ್ರಿ. ಓದವ್ರು ಯಾರು?"

ರೊಟ್ಟಿಯ ಗಂಟುಗಳನ್ನು ಇಳಿಸಿದೆವು. ಈರಪ್ಪ ಕೆಲಸಕ್ಕೆ ಹೋಗಿದ್ದ, ಸವಿತಾ ಎತ್ತುವಂತಿರಲಿಲ್ಲ. ಹಾಗಾಗಿ ಆಹಾರ ನಿರೀಕ್ಷಕರು, ಶಾಂತವ್ವ, ನಾನು, ಮೂವರೂ ಸೇರಿ ಆ ತಗಡಿನ ಪೆಟ್ಟಿಗೆಯನ್ನು ಹೊಸ್ತಿಲು ದಾಟಿಸಿ ಮೆಹಬೂಬಿಯ ಗೋಡೆಗೆ ಹಚ್ಚಿ ಇಟ್ಟೆವು. ಮೆಹಬೂಬಿ ಬಾಗಿಲಲ್ಲಿ ನಿಂತು, "ಅಯ್ಯ, ಮುಂದ ನನ್ನ ಮನಿ ನೋಡಾಕ ಬಂದ್ರ ನನ್ನ ಕಾರ್ಡ್ ಹೋಗ್ತದಲ್ರೀ," ಎಂದಳು. ಯಾರಿಗೂ ನಗು ಬರಲಿಲ್ಲ. ಅವಳು ತಮಾಷೆಗೆ ಹೇಳಿರಲಿಲ್ಲವೇನೋ.

ನಿರೀಕ್ಷಕರು ತಾಯಿ ಮಗಳಿಬ್ಬರನ್ನೂ ಗೋಡೆಯ ಮುಂದೆ ನಿಲ್ಲಿಸಿದರು. ಫೋಟೋ ಎಂದ ಕೂಡಲೇ ಸವಿತಾ ಸೆರಗು ಸರಿಮಾಡಿಕೊಂಡು ನಕ್ಕಳು. ಆ ವಯಸ್ಸಿನ ಯಾವ ಹುಡುಗಿಯಾದರೂ ನಗುತ್ತಾಳೆ. "ನಗಬ್ಯಾಡವಾ," ಎಂಬ ಮಾತು ಬಂತು. ನಿರೀಕ್ಷಕರ ಬಾಯಿಂದ ಬಂತೆಂದು ನನ್ನ ನೆನಪು. ಆದರೆ ನೆನಪು ಯಾವಾಗಲೂ ನನ್ನ ಪಕ್ಷ ಹಿಡಿಯುವುದನ್ನು ಕಂಡಿದ್ದೇನೆ, ಆದ್ದರಿಂದ ಇದಕ್ಕೆ ಆಣೆ ಮಾಡುವುದಿಲ್ಲ. ಸವಿತಾ ನಗು ನಿಲ್ಲಿಸಿದಳು. ಫೋಟೋ ಪಾಸಾಯಿತು.

ಕಾರ್ಡ್ ಮರಳಿ ಬಿಪಿಎಲ್ ಆಗಿ, ಒಪ್ಪಿಗೆ ಬಂದು, ಹುಡುಗಿಯ ಶಸ್ತ್ರಚಿಕಿತ್ಸೆ ಆಯಿತು. ಬದುಕಿದಳು. ಆದರೆ ಕಾದ ದಿನಗಳಲ್ಲಿ ಹೃದಯ ಬಹಳ ದಣಿದಿತ್ತು, ಮೊದಲು ಗೊತ್ತುಮಾಡಿದ್ದ ದಿನವೇ ಶಸ್ತ್ರಚಿಕಿತ್ಸೆ ಆಗಿದ್ದರೆ ಇಷ್ಟು ಔಷಧ ಬೇಕಾಗುತ್ತಿರಲಿಲ್ಲ ಎಂದರು ವೈದ್ಯರು. ಈ ಹಾನಿಗೆ ಯಾವ ಕಾಲಂನಲ್ಲೂ ಜಾಗವಿಲ್ಲ. ಯಾರಿಗೂ ನೋಟಿಸ್ ಹೋಗಲಿಲ್ಲ. ಹೋಗುವುದಾದರೂ ಯಾರಿಗೆ? ಶಿರಾ ತಿಂದವರಿಗೋ, ಫೋಟೋ ಮಾತ್ರ ನೋಡುವವರಿಗೋ?

ನನ್ನ ಸಿಟ್ಟು ಇನ್ನೂ ಆರಿಲ್ಲ. ಆ ಮನುಷ್ಯ ಲಂಚ ಕೇಳಲಿಲ್ಲ, ಸುಳ್ಳು ಬರೆಯಲಿಲ್ಲ, ಕಂಡದ್ದನ್ನೇ ಬರೆದರು. ಅದಕ್ಕೇ ಸಿಟ್ಟು ಹೆಚ್ಚು. ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಕಲಿತದ್ದು ಇಷ್ಟೇ: ನಾವು ಬಡವರಿಗೆ ಸಹಾಯ ಕೊಡುವಾಗ ಅವರ ಬಡತನವನ್ನಷ್ಟೇ ಕೇಳುವುದಿಲ್ಲ, ಮಾನವನ್ನೂ ಕೌಂಟರಿನಲ್ಲಿ ಇಟ್ಟು ಹೋಗಿರೆಂದು ಕೇಳುತ್ತೇವೆ. ಅವರು ಜಾಣರು, ಬೇಗ ಕಲಿಯುತ್ತಾರೆ.

ಎಷ್ಟು ಬೇಗ ಎಂಬುದನ್ನು ನಿವೃತ್ತಿಯಾದ ಮೇಲೆ ಕಂಡೆ. ಗೋಪನಕೊಪ್ಪದ ಕಡೆ ಹೋದವಳು ಅವರ ಮನೆಗೆ ಹೋಗಿದ್ದೆ. ರೊಟ್ಟಿ ಕಪಾಟು ತನ್ನ ಜಾಗಕ್ಕೆ ಬಂದಿತ್ತು, ಮೇಲೊಂದು ಗೋಣಿತಟ್ಟು ಹೊದಿಸಿದ್ದರು. ಸವಿತಾ ಈಗ ಹೊಲಿಗೆ ಕೆಲಸಕ್ಕೆ ಹೋಗುತ್ತಾಳಂತೆ. ನನ್ನನ್ನು ನೋಡಿ ಸರಸರನೆ ಬಾಜೂಮನೆಗೆ ಹೋಗಿ, ಎರಡು ಕೆಂಪು ಕುರ್ಚಿ ಎತ್ತಿಕೊಂಡು ಬಂದಳು. ಉಸಿರು ಕಟ್ಟಲಿಲ್ಲ.

"ನನಗ್ಯಾಕವಾ ಮೆಹಬೂಬಿ ಕುರ್ಚಿ? ಚಾಪಿ ಸಾಕಾಗ್ತಿತ್ತು."

"ಆಕಿವು ಅಲ್ರಿ ಅಕ್ಕಾರ, ನಮ್ಮವ ಅವು. ನನ್ನ ಪಗಾರದಾಗ ತಗೊಂಡೇನಿ," ಎಂದಳು ಸವಿತಾ, ಸೆರಗಿನಿಂದ ಕುರ್ಚಿ ಒರೆಸುತ್ತ. "ಸಾಹೇಬ್ರು ಯಾವಾಗ ಬರ್ತಾರೋ ಗೊತ್ತಾಗೂದಿಲ್ಲಲ್ರಿ. ಅದಕ್ಕ ಆಕಿ ಮನ್ಯಾಗ ಇಟ್ಟೇವಿ."