ಅಣ್ಣ ಓದದೆ ಬಿಟ್ಟ ಸಾಲುಗಳು

ಸತ್ತವರು ತಿರುಗಿ ಬರುತ್ತಾರೆ ಎಂಬ ಮಾತು ಶುರುವಾದರೆ ನಾನು ಎದ್ದು ಹೊರಗೆ ಹೋಗುವವನು. ಅದನ್ನು ಕೇಳುವಷ್ಟು ತಾಳ್ಮೆಯೂ ನನಗಿರಲಿಲ್ಲ. ಈಗ ನಾನೇ ಅಂಥದ್ದೊಂದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ, ಅಷ್ಟೆ.

ನನ್ನ ಅಣ್ಣ ನರಿಮೊಗರಿನ ಹತ್ತಿರ ಶಾಲಾ ಮಾಸ್ತರನಾಗಿದ್ದ. ರಜೆ ಬಂದರೆ ಸುಳ್ಯಕ್ಕೋ ಕಡಬಕ್ಕೋ ಬಸ್ಸು ಹತ್ತುತ್ತಿದ್ದ. ರಸ್ತೆ ಮುಗಿದಲ್ಲಿಂದ ಅವನ ನಡಿಗೆ. ಛಾವಣಿ ಬಿದ್ದ ಗುಡಿಗಳು, ಕಾಡಿನೊಳಗೆ ಧುಮುಕುವ ಅಬ್ಬಿಗಳು, ಹೀಗೆ ಯಾರೂ ವಿಚಾರಿಸದ ಜಾಗಗಳೇ ಅವನಿಗೆ ಬೇಕು. "ಬೇಲೂರು ನೋಡ್ಲಿಕ್ಕೆ ಹೋಗ್ತಾರೆ ಮಾರಾಯ. ತಮ್ಮ ಗದ್ದೆ ಬದಿಯ ಶಾಸನದ ಮೇಲೆ ಬಟ್ಟೆ ಒಗೀತಾರೆ" ಎಂದು ರೇಗುತ್ತಿದ್ದ.

ಗುತ್ತಿಗಾರಿನಾಚೆ, ಸಣ್ಣ ಹೊಳೆಯೊಂದು ಬಂಡೆಗಳ ಮೇಲಿಂದ ಇಳಿಯುವಲ್ಲಿ, ಅವನಿಗೊಂದು ಶಾಸನ ಸಿಕ್ಕಿತ್ತು. ಸವೆದ ಅಕ್ಷರಗಳ ಮೇಲೆ ಅವನು ಹಸಿ ಸೊಪ್ಪು ಉಜ್ಜುತ್ತಿದ್ದ. ರಸ ಗೀರುಗಳಲ್ಲಿ ನಿಂತು ಅಕ್ಷರ ಹಸುರಾಗಿ ಏಳುತ್ತಿತ್ತು. "ಮೇಲಿನ ಮೂರು ಸಾಲು ಆಯ್ತು. ಅಡಿಯದ್ದು ನೀರಿನಲ್ಲಿ ಉಂಟು. ಬೇಸಗೆಯಲ್ಲಿ ಹೋಗುದು" ಎಂದಿದ್ದ. ಬೇಸಗೆಗೆ ಮೊದಲೇ ಜ್ವರ ಬಂದು ತೀರಿಕೊಂಡ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು.

ಆ ಬೇಸಗೆಯಲ್ಲೇ ಅಲ್ಲಿ ರಸ್ತೆಗೆ ಮೋರಿ ಕಟ್ಟುತ್ತಿದ್ದಾರೆ, ಹೊಳೆಯ ಕಲ್ಲುಗಳನ್ನೆಲ್ಲ ಒಡೆಯುತ್ತಿದ್ದಾರೆ ಎಂದು ಸುದ್ದಿ ಬಂತು. ಅಣ್ಣನ ಕಲ್ಲನ್ನಾದರೂ ಬಿಡಿ ಎಂದು ಕೇಳಲು ನಾನು ಮರುದಿನವೇ ಹೋದೆ.

ಹಾಡುಹಗಲು. ನೀರು ಇಳಿದಿತ್ತು. ಕಲ್ಲು ಪೂರ್ತಿ ಹೊರಗಿತ್ತು. ಮೇಲಿನ ಮೂರು ಸಾಲು ಧೂಳು ಹಿಡಿದು ಮಸುಕಾಗಿದ್ದವು. ಅಡಿಯ ಸಾಲುಗಳು ಮಾತ್ರ ಹಸುರಾಗಿ ಎದ್ದು ಕಾಣುತ್ತಿದ್ದವು. ಮುಟ್ಟಿದೆ. ರಸ ಬೆರಳಿಗೆ ಹತ್ತಿತು.

"ಇದಕ್ಕೆ ಸೊಪ್ಪು ಉಜ್ಜಿದ್ದು ಯಾರು?" ಎಂದು ಮೇಸ್ತ್ರಿಯನ್ನು ಕೇಳಿದೆ.

"ಎಂತ ಮಾರಾಯ್ರೆ, ನಮ್ಮವರಿಗೆ ಗಂಜಿ ಕುಡಿಲಿಕ್ಕೆ ಪುರುಸೊತ್ತಿಲ್ಲ. ಕಲ್ಲಿಗೆ ಎಣ್ಣೆಸ್ನಾನ ಮಾಡಿಸುದಾ?"

ಹಾರೆ ಹಿಡಿದಿದ್ದ ಆಳೊಬ್ಬ ಬಗ್ಗಿ ನೋಡಿ ಹಿಂದೆ ಸರಿದ. "ಬೆಳಿಗ್ಗೆ ಈ ಹಸುರು ಇರಲಿಲ್ಲ. ದೈವದ ಕಲ್ಲಾ ಹೇಗೆ? ನಾನು ಮುಟ್ಟುದಿಲ್ಲ."

ಮೇಸ್ತ್ರಿಯ ನಗು ನಿಂತಿತು. "ದೈವದ್ದಾದರೆ ಈಗಲೇ ಹೇಳಿ. ಬಿಟ್ಟುಬಿಡುವ. ಬೇರೆ ಕಲ್ಲು ಇಲ್ಲದ್ದಲ್ಲ."

"ದೈವದ್ದಲ್ಲ, ಶಾಸನ. ಹಳೇ ಕಾಲದವರು ಬರೆಸಿದ್ದು" ಎಂದೆ.

"ಬರೆದದ್ದಾ? ಅಷ್ಟೆಯಾ? ಸುಮ್ಮನೆ ಹೆದರಿಸಿದಿರಿ."

ಓದಬಲ್ಲವರನ್ನು ಕರೆತರುವವರೆಗೆ ತಡೆಯಿರಿ ಎಂದು ಬೇಡಿಕೊಂಡೆ. "ಅವರು ಬರುವಾಗ ಮಳೆ ಬರ್ತದೆ. ನಿಮಗೆ ರಸ್ತೆ ಬೇಡವಾ?" ಎಂದ. ನನ್ನ ಕಣ್ಣೆದುರೇ ಸುತ್ತಿಗೆ ಬಿತ್ತು. ನನಗೆ ಆ ಲಿಪಿ ಬಾರದು. ಅಲ್ಲಿ ಏನು ಬರೆದಿತ್ತೋ, ತುಂಡುಗಳು ಮೋರಿಯೊಳಗೆ ಸೇರಿದವು.

ಆ ಸಿಟ್ಟು ಇನ್ನೂ ಆರಿಲ್ಲ. ದೈವದ್ದೆಂದರೆ ಉಳಿಯುವ ಕಲ್ಲು ಮನುಷ್ಯನ ಮಾತಿದ್ದರೆ ಜಲ್ಲಿಗೆ ಸಮ. ಸುಳ್ಳು ಹೇಳಬಹುದಿತ್ತಲ್ಲ ಎಂದು ಆಮೇಲೆ ಹಲವರು ಬುದ್ಧಿ ಹೇಳಿದರು. ಅವರ ಮೇಲೂ ನನಗೆ ಸಿಟ್ಟೇ. ನಿಜ ಹೇಳಿದರೆ ನಮ್ಮದೇ ಊರಿನ ಚರಿತ್ರೆ ಉಳಿಯುವುದಿಲ್ಲ ಎಂದಾದರೆ ತಪ್ಪು ನಿಜ ಹೇಳಿದವನದೇ?

ಸೊಪ್ಪು ಉಜ್ಜಿದವರು ಯಾರೆಂದು ಆ ಸುತ್ತಿನ ಮನೆಗಳಲ್ಲೆಲ್ಲ ವಿಚಾರಿಸಿದೆ. ಅಲ್ಲಿ ಕಲ್ಲೊಂದು ಇದ್ದದ್ದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಆಟಕ್ಕೆ ಯಾರಾದರೂ ಮಾಡಿರಬಹುದು ಎಂದುಕೊಂಡೆ. ಆದರೆ ಅಣ್ಣ ನಿಲ್ಲಿಸಿದ ಸಾಲಿನ ಮರುಸಾಲಿನಿಂದಲೇ ಅವರು ಏಕೆ ಶುರು ಮಾಡಬೇಕು?

ಮನೆಗೆ ಬಂದು ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಉತ್ತರಕ್ರಿಯೆಯ ದಿನ, ಬೊಜ್ಜದ ಸಂಜೆ, ಅಂಗಳದಲ್ಲಿ ದೀಪ ಹಿಡಿದು, ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆದುಕೊಳ್ಳುವುದು ನಮ್ಮಲ್ಲಿ ಕ್ರಮ. ಅಣ್ಣನನ್ನೂ ಹಾಗೆ ಕರೆದಿದ್ದೆವು. ಅಮ್ಮ ಅಪರಾಧವೆಲ್ಲ ನನ್ನದೇ ಎಂಬಂತೆ ಗದರಿದಳು:

"ಅಷ್ಟು ಕರೆದದ್ದು ಅವನನ್ನು, ಒಳಗೆ ಬಾ ಅಂತ. ಅವ ಅಲ್ಲೇ ಇದ್ದನಾ? ಈಗ ಆ ಕಲ್ಲನ್ನೂ ಒಡೆದರಲ್ಲ, ಇನ್ನು ಅವ ಎಲ್ಲಿ ಇರುದು?"